ಸ್ಟೀರಿಯೊದ ಜಿಪಿಎಸ್ ತೊಗರಿ ಹೊಲಕ್ಕಿಳಿದಾಗ: ಒಂದು ರಿಪೇರಿ ಲಾಗ್

ಗಾಡಿ: ಕೆಎ 32 ನಂಬರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಸ್ಟೀರಿಯೊ ತೆಗೆದು ಹೊರಗಿನ ಅಂಗಡಿಯಲ್ಲಿ 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ಕೂರಿಸಲಾಗಿದೆ. ಮುಂದಿನ ಗಾಜಿಗೆ ಡ್ಯಾಶ್‌ಕ್ಯಾಮ್, ಲೈಟರ್ ಸಾಕೆಟ್‌ನಲ್ಲಿ ಎರಡು ಪೋರ್ಟಿನ ಯುಎಸ್‌ಬಿ ಚಾರ್ಜರ್. ಸ್ಟೀರಿಯೊಗೆ ಸಿಮ್ ಇಲ್ಲ, ಬೇಕಾದಾಗ ಮೊಬೈಲ್ ಹಾಟ್‌ಸ್ಪಾಟ್.

ದೂರು ಒಂದೇ ಸಾಲಿನದು: "ಮ್ಯಾಪ್ ಕೆಟ್ಟದ ರೀ." ಬಿಡಿಸಿ ನೋಡಿದರೆ ಲಕ್ಷಣ ಮೂರು. ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟಾಗ ಬಾಣದ ಗುರುತು ಹೆದ್ದಾರಿ ಬಿಟ್ಟು ಪಕ್ಕದ ತೊಗರಿ ಹೊಲದಲ್ಲಿ ಓಡುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಜಾಗ ಹಿಡಿಯಲು ಹತ್ತು ಹನ್ನೆರಡು ನಿಮಿಷ ಬೇಕು. ಗಡಿಯಾರ ದಿನವೂ ತಪ್ಪು ಸಮಯದಿಂದ ಶುರುವಾಗುತ್ತದೆ. ಮೂರನೆಯದನ್ನು ಯಾರೂ ಜಿಪಿಎಸ್ ದೂರು ಅಂತ ಹೇಳುವುದಿಲ್ಲ, ಆದರೆ ಎರಡನೆಯದರ ಬೇರು ಅದರಲ್ಲೇ ಇರುತ್ತದೆ.

ಇಂಥ ದೂರು ಬಂದಾಗ ಅಂಗಡಿಗಳಲ್ಲಿ ಮೊದಲು ಮಾಡುವುದು ಸಾಫ್ಟ್‌ವೇರ್ ರೀಸೆಟ್, ಆಮೇಲೆ ಹೊಸ ಆ್ಯಂಟೆನಾ ಮಾರಾಟ. ಎರಡೂ ಇಲ್ಲಿ ಬೇಕಾಗಲಿಲ್ಲ. ಅಳತೆ ತೆಗೆಯದೆ ಸ್ಕ್ರೂ ಬಿಚ್ಚಿದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಬಿಚ್ಚುವ ಮೊದಲಿನ ಅಳತೆ

ಸ್ಟೀರಿಯೊದಲ್ಲೇ "ಜಿಪಿಎಸ್ ಟೆಸ್ಟ್" ಎಂಬ ಉಚಿತ ಆ್ಯಪ್ ಹಾಕಿ, ರಿಂಗ್ ರೋಡಿನ ಹೊರಗೆ, ಮೇಲೆ ಮರವಾಗಲಿ ಕಟ್ಟಡವಾಗಲಿ ಇಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಬೇಕು. ಆ್ಯಪ್‌ನಲ್ಲಿ ನೋಡಬೇಕಾದದ್ದು ಎರಡೇ: ಎಷ್ಟು ಉಪಗ್ರಹ ಲೆಕ್ಕಕ್ಕೆ ಬಳಕೆಯಾಗುತ್ತಿವೆ, ಪ್ರತಿಯೊಂದರ ಸಿಗ್ನಲ್ ಬಲ ಎಷ್ಟು ಡಿಬಿ-ಹರ್ಟ್ಸ್ (ಸದ್ದಿಗಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು). ಬಯಲಿನಲ್ಲಿ ಒಳ್ಳೆಯ ಫಿಟ್ಟಿಂಗ್‌ಗೆ ಎಂಟು ಹತ್ತು ಉಪಗ್ರಹಗಳಾದರೂ 35ರಿಂದ 45ರ ನಡುವೆ ಇರಬೇಕು. 30 ಅಂದರೆ ನಡೆಯುತ್ತದೆ. 25ಕ್ಕಿಂತ ಕೆಳಗಿದ್ದರೆ ರೋಗ ಇದೆ.

ಈ ಗಾಡಿಯಲ್ಲಿ ಕೀ ಎಸಿಸಿ (ಸ್ಟೀರಿಯೊ, ಚಾರ್ಜರ್‌ನಂಥವು ಮಾತ್ರ ನಡೆಯುವ) ಸ್ಥಾನದಲ್ಲಿಟ್ಟು, ಎಂಜಿನ್ ಬಂದ್ ಮಾಡಿ ನೋಡಿದಾಗ ಕಂಡ ಉಪಗ್ರಹ 14, ಬಳಕೆಯಲ್ಲಿದ್ದದ್ದು 4. ಅತಿ ಬಲವಾದದ್ದು 24, ಉಳಿದವು 16ರಿಂದ 21. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ನಾಲ್ಕನ್ನೂ ಬಿಡಿಸಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಅದರಲ್ಲಿ ಒಂದು ಜಾರಿದರೂ ಬಾಣ ಹೊಲಕ್ಕಿಳಿಯುತ್ತದೆ.

ನಂತರ ಒಂದೊಂದೇ ಸಾಧನ ಕಿತ್ತು ಅದೇ ಜಾಗದಲ್ಲಿ ಎರಡು ನಿಮಿಷ ಕಾದು ನೋಡಬೇಕು. ಯುಎಸ್‌ಬಿ ಚಾರ್ಜರ್ ತೆಗೆದಾಗ ಏರಿದ್ದು 1, ಅದು ಲೆಕ್ಕಕ್ಕಿಲ್ಲ. ಡ್ಯಾಶ್‌ಕ್ಯಾಮ್ ವೈರ್ ಕಿತ್ತ ಕೂಡಲೇ ಆ್ಯಪ್‌ನ ಎಲ್ಲ ಸಿಗ್ನಲ್ ಪಟ್ಟಿಗಳೂ 5-6ರಷ್ಟು ಮೇಲೆದ್ದವು. ಕಳ್ಳ ಸಿಕ್ಕ, ಆದರೆ ಒಬ್ಬನೇ ಅಲ್ಲ: ಡ್ಯಾಶ್‌ಕ್ಯಾಮ್ ಇಲ್ಲದಿದ್ದರೂ ಅತಿ ಹೆಚ್ಚು 30. ಬಯಲಿನಲ್ಲಿ ನಿಂತ ಗಾಡಿಗೆ ಅದು ಕಡಿಮೆ.

ಇಷ್ಟು ಸೂಕ್ಷ್ಮ ಯಾಕೆ ಅಂದರೆ, ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ 1575.42 ಮೆಗಾಹರ್ಟ್ಸ್‌ನ ಈ ಸಿಗ್ನಲ್ ನೆಲ ಮುಟ್ಟುವಾಗ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಉಳಿದಿರುತ್ತದೆ. ಡ್ಯಾಶ್‌ಕ್ಯಾಮ್‌ನೊಳಗಿನ ಪ್ರೊಸೆಸರ್ ಮತ್ತು 12 ವೋಲ್ಟನ್ನು 5ಕ್ಕೆ ಇಳಿಸುವ ಸರ್ಕ್ಯೂಟ್ ಸೋರಿಸುವ ಸದ್ದು ಗೇಣಿನ ಅಂತರದಲ್ಲಿದ್ದರೆ ಅದರ ಮುಂದೆ ಉಪಗ್ರಹದ ದನಿ ಜಾತ್ರೆಯಲ್ಲಿ ಪಿಸುಮಾತು.

ಬಿಚ್ಚುವುದು

ಬೇಕಾದದ್ದು: 10 ಮಿಮೀ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಟ್ರಿಮ್ ತೆಗೆಯುವ ಪಟ್ಟಿ, 8 ಮಿಮೀ ಸ್ಪ್ಯಾನರ್, ಮಲ್ಟಿಮೀಟರ್, 7 ಸೆಂಮೀ ಚೌಕದ ತಗಡು, ವಿಎಚ್‌ಬಿ ಡಬಲ್ ಟೇಪ್ (ಎರಡೂ ಕಡೆ ಬಲವಾಗಿ ಅಂಟುವ ಟೇಪ್), ಐಸೊಪ್ರೊಪೈಲ್ ಆಲ್ಕೊಹಾಲ್, ಕೇಬಲ್ ಟೈ.

ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಬದಿಗಿಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹತ್ತು ನಿಮಿಷ ಕಾಯಿರಿ. ಕೆಲವು ಫಿಟ್ಟರ್‌ಗಳು ಆ್ಯಂಟೆನಾ ವೈರನ್ನು ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಕವರ್‌ನೊಳಗೆ ಕರ್ಟನ್ ಏರ್‌ಬ್ಯಾಗ್‌ನ ಮೇಲಿಂದ ಎಳೆದಿರುತ್ತಾರೆ. ಅಪಘಾತದಲ್ಲಿ ಬ್ಯಾಗ್ ತೆರೆಯುವ ದಾರಿಗೆ ಅಡ್ಡ ಬರುವ ಆ ವೈರನ್ನು ಕಂಡಲ್ಲಿ ಕಿತ್ತು ಬ್ಯಾಗ್‌ನ ಹಿಂದಿನಿಂದ ಹಾಯಿಸಿ.

ಸ್ಟೀರಿಯೊ ಫ್ರೇಮ್ ಕ್ಲಿಪ್‌ಗಳಲ್ಲಿ ಕೂತಿರುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನ ಅಂಚಿನಿಂದ ತೂರಿಸಿ ಸಮವಾಗಿ ಎಳೆಯಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಬಳಸಿದರೆ ಡ್ಯಾಶ್‌ನಲ್ಲಿ ಗೀರು ಖಾತ್ರಿ. ಬಿಸಿಲಲ್ಲಿ ನಿಂತ ಗಾಡಿಯ ಪ್ಲಾಸ್ಟಿಕ್ ಮೆತ್ತಗಾಗಿ ಕ್ಲಿಪ್ ಬಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಈ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಬೇಕು.

ಸ್ಟೀರಿಯೊ ಹೊರಬಂದಾಗ ಹಿಂದೆ ಕಂಡದ್ದು:

ಜಿಪಿಎಸ್ ಆ್ಯಂಟೆನಾ, ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಸ್ಟೀರಿಯೊ ಕೂರುವ ಕಬ್ಬಿಣದ ಬ್ರ್ಯಾಕೆಟ್‌ನ ಕೆಳಗೆ ತಲೆಕೆಳಗಾಗಿ ಆಯಸ್ಕಾಂತದಿಂದ ಅಂಟಿಕೊಂಡಿತ್ತು. ಮಿಕ್ಕ ಎರಡೂವರೆ ಮೀಟರ್ ವೈರನ್ನು ಸುತ್ತಿ, ಸ್ಪೀಕರ್ ವೈರ್ ಕಟ್ಟಿನ ಜೊತೆ ಟೈ ಹಾಕಲಾಗಿತ್ತು. ಎಸ್‌ಎಂಎ ಕನೆಕ್ಟರ್ (ಆ್ಯಂಟೆನಾ ವೈರನ್ನು ಸ್ಟೀರಿಯೊಗೆ ತಿರುಗಿಸಿ ಕೂರಿಸುವ ತುದಿ) ಎರಡು ಸುತ್ತು ಸಡಿಲ. ಹಳದಿ ಮತ್ತು ಕೆಂಪು ಪವರ್ ವೈರ್‌ಗಳನ್ನು ಒಟ್ಟಿಗೆ ತಿರುಚಿ ಒಂದೇ ಸ್ವಿಚ್ಡ್ ಲೈನ್‌ಗೆ, ಅಂದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್‌ಗೆ, ಕೊಡಲಾಗಿತ್ತು.

ಆ್ಯಂಟೆನಾ

ಡಬ್ಬಿಯೊಳಗೆ 25 ಮಿಮೀ ಚೌಕದ ಸೆರಾಮಿಕ್ ತುಂಡು ಇರುತ್ತದೆ. ಅದು ನೋಡುವುದು ಒಂದೇ ಕಡೆ, ಮೇಲಕ್ಕೆ. ಆಯಸ್ಕಾಂತ ಇರುವುದು ಕೆಳಗಿನ ಮುಖದಲ್ಲಿ. ಬ್ರ್ಯಾಕೆಟ್‌ನ ಅಡಿಗೆ ಅಂಟಿಸಿದರೆ ಅದು ಗೇರ್‌ಬಾಕ್ಸನ್ನು ನೋಡುತ್ತ, ತಲೆಯ ಮೇಲೆ ತಗಡು ಹೊತ್ತು ಕೂತಂತೆ. ಅಂಥ ಜಾಗದಲ್ಲೂ ನಾಲ್ಕು ಉಪಗ್ರಹ ಹಿಡಿದದ್ದು ಗಾಜು, ಬಾಗಿಲುಗಳಿಗೆ ಬಡಿದು ಪುಟಿದು ಬಂದ ಸಿಗ್ನಲ್‌ನಿಂದ. ಪುಟಿದ ಸಿಗ್ನಲ್ ಹೆಚ್ಚು ದೂರ ಸುತ್ತಿ ಬಂದಿರುತ್ತದೆ. ರಿಸೀವರ್ ಆ ಹೆಚ್ಚುವರಿ ದೂರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಬಾಣ ಹೆದ್ದಾರಿ ಬಿಟ್ಟು ಜಾರುತ್ತದೆ.

ಆ್ಯಂಟೆನಾ ಸತ್ತಿದೆಯೇ ಎಂದು ತಿಳಿಯಲು ಓಮ್ಸ್ ಅಳೆಯುವವರಿದ್ದಾರೆ. ಒಳಗೆ ಆಂಪ್ಲಿಫೈಯರ್ ಇರುವುದರಿಂದ ಶಾರ್ಟ್ ಆಗಿದೆಯೋ ಇಲ್ಲವೋ ಎಂಬುದರ ಆಚೆಗೆ ಆ ಅಂಕಿ ಏನೂ ಹೇಳುವುದಿಲ್ಲ. ಅಳೆಯಬೇಕಾದದ್ದು ಸ್ಟೀರಿಯೊ ಕೊಡುವ ವೋಲ್ಟ್. ಬ್ಯಾಟರಿ ಮತ್ತೆ ಜೋಡಿಸಿ, ಸ್ಟೀರಿಯೊ ಆನ್ ಮಾಡಿ, ಎಸ್‌ಎಂಎ ಸಾಕೆಟ್‌ನ ನಡುವಿನ ತೂತಿಗೆ ತೆಳ್ಳನೆಯ ವೈರ್ ತುಂಡು ಹಾಕಿ ಅದನ್ನೂ ಹೊರಗಿನ ಲೋಹವನ್ನೂ ಮೀಟರ್‌ಗೆ ಕೊಡಿ. 3.3ರಿಂದ 5 ವೋಲ್ಟ್ ಬಂದರೆ ಸರಿ. ಸೊನ್ನೆ ಬಂದರೆ ಸ್ಟೀರಿಯೊದೊಳಗಿನ ದೋಷ, ಹತ್ತು ಆ್ಯಂಟೆನಾ ಬದಲಿಸಿದರೂ ಪ್ರಯೋಜನವಿಲ್ಲ. ವೈರ್ ತುಂಡು ಹೊರಗಿನ ಲೋಹಕ್ಕೆ ತಾಗಬಾರದು. ತಾಗಿದರೆ ಇಲ್ಲದ ದೋಷವನ್ನು ನಾವೇ ಹುಟ್ಟಿಸಿದಂತೆ. ಇಲ್ಲಿ ಬಂದದ್ದು 3.3.

ಇನ್ನೊಂದು ತಪ್ಪೂ ಸಾಮಾನ್ಯ: ಸಿಮ್ ಹಾಕುವ ಸ್ಟೀರಿಯೊಗಳಲ್ಲಿ 4ಜಿ ಆ್ಯಂಟೆನಾದ ಸಾಕೆಟ್ಟೂ ಎಸ್‌ಎಂಎ. ಎರಡನ್ನೂ ಅದಲುಬದಲು ಮಾಡಿದರೆ ಅವು ಅರೆಬರೆ ಕೆಲಸ ಮಾಡುವುದುಂಟು. ಪೂರ್ತಿ ನಿಂತಿದ್ದರಾದರೂ ಬೇಗ ಗೊತ್ತಾಗುತ್ತಿತ್ತು. ಸಾಕೆಟ್ ಪಕ್ಕದ ಅಕ್ಷರ ಓದಿಯೇ ಜೋಡಿಸಿ. ಬಣ್ಣದ ಫ್ಯಾಕ್ರಾ ಕನೆಕ್ಟರ್ (ಒತ್ತಿ ಕೂರಿಸುವ ಪ್ಲಾಸ್ಟಿಕ್ ಹೊದಿಕೆಯದು) ಇದ್ದರೆ ಜಿಪಿಎಸ್‌ನದು ನೀಲಿ.

ಹೊಸ ಜಾಗ: ಎಡಗಡೆಯ ಸೀಟಿನ ಮುಂದೆ, ಡ್ಯಾಶ್‌ನ ಮೇಲ್ಪ್ಲಾಸ್ಟಿಕ್‌ನ ಅಡಿಯಲ್ಲಿ, ಗಾಜಿನ ಬುಡಕ್ಕೆ ಹತ್ತಿರ. ಪ್ಲಾಸ್ಟಿಕ್ ಈ ಸಿಗ್ನಲ್ಲನ್ನು ತಡೆಯುವುದಿಲ್ಲ, ಲೋಹ ತಡೆಯುತ್ತದೆ. ಆದ್ದರಿಂದ ಡ್ಯಾಶ್‌ನ ಒಳಗಿನ ಅಡ್ಡ ಕಬ್ಬಿಣದ ಬೀಮ್, ಎಸಿ ಡಕ್ಟ್‌ನ ಲೋಹದ ಪಟ್ಟಿ, ಏರ್‌ಬ್ಯಾಗ್ ಡಬ್ಬ ಎಲ್ಲಿವೆ ಎಂದು ಟಾರ್ಚ್ ಹಾಕಿ ನೋಡಿ, ಮೇಲೆ ಬರೀ ಪ್ಲಾಸ್ಟಿಕ್ ಇರುವ ಜಾಗ ಹುಡುಕಬೇಕು. ಡ್ಯಾಶ್ ಮೇಲೇ ಇಟ್ಟರೆ ಇನ್ನೊಂದೆರಡು ಅಂಕ ಹೆಚ್ಚು ಸಿಗಬಹುದು. ಆದರೆ ಕಲಬುರಗಿಯ ಬಿಸಿಲಿನಲ್ಲಿ ಮುಚ್ಚಿದ ಗಾಡಿಯ ಡ್ಯಾಶ್ 70 ಡಿಗ್ರಿ ದಾಟುತ್ತದೆ. ಆ್ಯಂಟೆನಾ 85ರ ತನಕ ತಡೆದೀತು, ಜೊತೆಗೆ ಬರುವ ಅಗ್ಗದ ಟೇಪ್ ತಡೆಯುವುದಿಲ್ಲ, ಬೆಲ್ಲದ ಪಾಕದಂತೆ ಇಳಿಯುತ್ತದೆ.

ಡಬ್ಬಿಯ ಕೆಳಗೆ ಆ 7 ಸೆಂಮೀ ತಗಡು. ಇದನ್ನು ಯಾವ ಫಿಟ್ಟರೂ ಹಾಕುವುದಿಲ್ಲ, ಪುಕ್ಕಟೆ ಸಿಗುವ ಸುಧಾರಣೆ ಇದೇ. ಮೇಲಿದ್ದರೆ ಕುರುಡು ಮಾಡುವ ತಗಡು, ಕೆಳಗಿದ್ದರೆ ಸೆರಾಮಿಕ್ ಆ್ಯಂಟೆನಾಕ್ಕೆ ನೆಲವಾಗಿ ನಿಂತು ಅದರ ನೋಟವನ್ನು ಮೇಲಕ್ಕೆ ಕೂಡಿಸುತ್ತದೆ. ಎಣ್ಣೆ ಡಬ್ಬದಿಂದ ಕತ್ತರಿಸಿದ ತಗಡು ಸಾಕು, ಆಯಸ್ಕಾಂತವೂ ಹಿಡಿಯುತ್ತದೆ. ಅಂಚುಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಇಲ್ಲವಾದರೆ ಓಡಾಟದ ಅದುರಿಗೆ ಪಕ್ಕದ ವೈರ್ ಕೊಯ್ಯುತ್ತದೆ. ಅಂಟಿಸುವ ಜಾಗವನ್ನು ಆಲ್ಕೊಹಾಲಿನಿಂದ ಒರೆಸಿ, ವಿಎಚ್‌ಬಿ ಟೇಪ್ ಹಾಕಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಡ್ಯಾಶ್ ಪಾಲಿಶ್ ಹಚ್ಚಿದ ಮೇಲ್ಮೈಗೆ ಯಾವ ಟೇಪೂ ಕೂರುವುದಿಲ್ಲ, ಎರಡು ಸಲ ಒರೆಸಿ. ಟೇಪಿನ ಪೂರ್ತಿ ಬಲ ಬರಲು 72 ಗಂಟೆ.

ವೈರ್ ಕತ್ತರಿಸಿ ಚಿಕ್ಕದು ಮಾಡುವ ಆಸೆ ಬೇಡ. 3 ಮೀಟರ್ ತೆಳು ಕೇಬಲ್‌ನಲ್ಲಿ 4 ಡೆಸಿಬೆಲ್‌ನಷ್ಟು ಸೋರಿಕೆ ಇದ್ದರೂ ಡಬ್ಬಿಯ ಆಂಪ್ಲಿಫೈಯರ್ 28ರಷ್ಟು ಕೊಡುವುದರಿಂದ ಅದು ಮುಚ್ಚಿಹೋಗುತ್ತದೆ. ಕೈಯಲ್ಲಿ ಮಾಡಿದ ಜಾಯಿಂಟ್ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಮಿಕ್ಕ ವೈರನ್ನು ಅಂಗೈಯಗಲದ ಸಡಿಲ ಸುರುಳಿ ಮಾಡಿ ಗ್ಲೋವ್ ಬಾಕ್ಸ್ ಹಿಂದೆ, ಪವರ್ ಮತ್ತು ಸ್ಪೀಕರ್ ವೈರ್‌ಗಳಿಂದ ದೂರ ಕಟ್ಟಿ. ಎಸ್‌ಎಂಎ ನಟ್ಟನ್ನು ಬೆರಳಿನಿಂದ ಪೂರ್ತಿ ತಿರುಗಿಸಿದ ಮೇಲೆ 8 ಮಿಮೀ ಸ್ಪ್ಯಾನರ್‌ನಲ್ಲಿ ಒಂದು ಸಣ್ಣ ತಿರುವು, ಅಷ್ಟೇ. ಹಿತ್ತಾಳೆಯ ಥ್ರೆಡ್ ಬೇಗ ಹಾಳಾಗುತ್ತದೆ.

ಹಳದಿ ವೈರ್

ಹತ್ತು ನಿಮಿಷ ಕಾಯುವ ದೂರಿಗೆ ಅರ್ಧ ಕಾರಣ ಇಲ್ಲಿದೆ. ಸ್ಟೀರಿಯೊದ ಹಳದಿಗೆ ಬ್ಯಾಟರಿಯ ನೇರ 12 ವೋಲ್ಟ್ ಸದಾ ಇರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು, ಕಪ್ಪು ಬಾಡಿ ಅರ್ಥ್. ಎರಡನ್ನೂ ತಿರುಚಿ ಕೀ ಲೈನ್‌ಗೆ ಕೊಟ್ಟರೆ ಹಾಡು ಬರುತ್ತದೆ, ಸ್ಕ್ರೀನ್ ಹತ್ತುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾರೆ. ಆದರೆ ಕೀ ತೆಗೆದ ಪ್ರತಿ ಸಲವೂ ಸ್ಟೀರಿಯೊದ ನೆನಪು ಅಳಿಯುತ್ತದೆ: ಗಡಿಯಾರ, ಕಡೆಯ ಜಾಗ, ಉಪಗ್ರಹಗಳ ಕಕ್ಷೆಯ ಮಾಹಿತಿ.

ಆ ಮಾಹಿತಿ ಮತ್ತೆ ಬರುವುದು ಆಕಾಶದಿಂದ, ಸೆಕೆಂಡಿಗೆ 50 ಬಿಟ್‌ನ ಆಮೆವೇಗದಲ್ಲಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ. ಸಿಗ್ನಲ್ 26-27ಕ್ಕಿಂತ ಕೆಳಗಿದ್ದರೆ ರಿಸೀವರ್ ಉಪಗ್ರಹದ ಜಾಡು ಹಿಡಿದರೂ ಈ ಬಿಟ್‌ಗಳನ್ನು ಸರಿಯಾಗಿ ಓದಲಾರದು. ಒಂದು ಬಿಟ್ ತಪ್ಪಿದರೆ ಮುಂದಿನ 30 ಸೆಕೆಂಡಿನ ಸರದಿಗೆ ಕಾಯಬೇಕು. ಗಾಡಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಟ್ಟಡಗಳ ನಡುವೆ ಓಡುತ್ತಿದ್ದರೆ ತಪ್ಪು ತಪ್ಪಿದ್ದಲ್ಲ. ಮೊಬೈಲ್‌ನಲ್ಲಿ ಈ ತೊಂದರೆ ಕಾಣುವುದಿಲ್ಲ, ಅದು ಕಕ್ಷೆಯ ಮಾಹಿತಿಯನ್ನು ಇಂಟರ್ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಸಿಮ್ ಇಲ್ಲದ ಸ್ಟೀರಿಯೊಗೆ ಆ ಸವಲತ್ತು ಇಲ್ಲ.

ತಿರುಚಿದ ಜೋಡಿ ಬಿಡಿಸಿ, ಕಂಪನಿ ಕನೆಕ್ಟರ್‌ನಲ್ಲಿ ಕೀ ತೆಗೆದಾಗಲೂ 12 ವೋಲ್ಟ್ ತೋರಿಸುವ ವೈರ್ ಮೀಟರ್‌ನಿಂದ ಹುಡುಕಿ, ಹಳದಿಯನ್ನು 10 ಆಂಪ್ ಫ್ಯೂಸ್ ಮೂಲಕ ಅದಕ್ಕೆ ಕೊಡಲಾಯಿತು. ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ. ಬರೀ ಇನ್ಸುಲೇಶನ್ ಟೇಪ್ ನಮ್ಮ ಬೇಸಿಗೆಯಲ್ಲಿ ಅಂಟು ಬಿಟ್ಟು ಸುರುಳಿ ಬಿಚ್ಚಿಕೊಳ್ಳುತ್ತದೆ. ಇದಾದ ಮೇಲೆ ಒಂದು ಪರೀಕ್ಷೆ ಮರೆಯಬಾರದು: ಕೀ ತೆಗೆದು, ಸ್ಟೀರಿಯೊ ನಿದ್ದೆಗೆ ಹೋಗಲು ಹತ್ತು ನಿಮಿಷ ಬಿಟ್ಟು, ಹಳದಿ ಲೈನ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ನೋಡಿ. ಕೆಲವು ಮಿಲಿಆಂಪ್ ಇದ್ದರೆ ಸರಿ. ನೂರು ದಾಟಿದರೆ ಸ್ಟೀರಿಯೊ ಮಲಗುತ್ತಿಲ್ಲ, ವಾರ ನಿಲ್ಲಿಸಿದ ಗಾಡಿಯ ಬ್ಯಾಟರಿ ಕೂತುಬಿಡುತ್ತದೆ. ನಿದ್ದೆಯ ಸಮಯ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ.

ಡ್ಯಾಶ್‌ಕ್ಯಾಮ್

ವೈರ್‌ನ ಸದ್ದು ತಡೆಯಲು ಅದರ ಸುತ್ತ ತೊಡಿಸುವ ಫೆರೈಟ್ ಮಣಿ ಹಾಕಿ ನೋಡಿದ್ದಾಯಿತು. ಇಷ್ಟು ಎತ್ತರದ ಫ್ರೀಕ್ವೆನ್ಸಿಯಲ್ಲಿ ಅದರ ಉಪಯೋಗ ಅಲ್ಪ, ಏರಿದ್ದು 1. ದೂರವೇ ಮದ್ದು. ಆ್ಯಂಟೆನಾ ಗಾಜಿನ ಬುಡದ ಎಡ ಮೂಲೆಗೆ ಹೋದದ್ದರಿಂದ, ಕನ್ನಡಿಯ ಹಿಂದಿರುವ ಡ್ಯಾಶ್‌ಕ್ಯಾಮ್‌ಗೂ ಅದಕ್ಕೂ 60 ಸೆಂಮೀ ಅಂತರವಾಯಿತು. ಡ್ಯಾಶ್‌ಕ್ಯಾಮ್ ವೈರನ್ನು ಬಲ ಪಿಲ್ಲರ್ ಕಡೆಯಿಂದ ಇಳಿಸಲಾಯಿತು. ಗಾಜಿಗೆ ಲೋಹದ ಪದರದ ಬಿಸಿಲು ಫಿಲ್ಮ್ ಹಾಕಿದ ಗಾಡಿಯಾದರೆ ಆ್ಯಂಟೆನಾ ಎಲ್ಲಿಟ್ಟರೂ ಒಳಗೆ ಸಿಗ್ನಲ್ ಸೊರಗುತ್ತದೆ. ಆಗ ಮ್ಯಾಗ್ನೆಟ್ ಆ್ಯಂಟೆನಾವನ್ನು ಚಾವಣಿಯ ಹೊರಗೇ ಇಡಬೇಕು.

ನಂತರದ ಅಳತೆ

ಅದೇ ಬಯಲು, ಎಲ್ಲ ಸಾಧನ ಚಾಲೂ: ಬಳಕೆಯಲ್ಲಿ 17 ಉಪಗ್ರಹ, ಸಿಗ್ನಲ್ ಬಲ 36ರಿಂದ 42. ಆ್ಯಪ್‌ನಲ್ಲಿ ಸಹಾಯಕ ಮಾಹಿತಿ ಅಳಿಸಿ ಸೊನ್ನೆಯಿಂದ ಶುರು ಮಾಡಿದರೆ 41 ಸೆಕೆಂಡು. ಕೀ ತೆಗೆದು ಒಂದು ಗಂಟೆ ಬಿಟ್ಟು ಹಾಕಿದರೆ 4 ಸೆಕೆಂಡು. ಕಕ್ಷೆಯ ಮಾಹಿತಿ ಸುಮಾರು 4 ಗಂಟೆ ಬಾಳುತ್ತದೆ, ರಾತ್ರಿ ಕಳೆದ ಮೇಲೆ ಮತ್ತೆ ಅರ್ಧ ನಿಮಿಷ ಹಿಡಿಯುವುದು ಸಹಜ. ಸ್ಟೀರಿಯೊವನ್ನು ಕ್ಲಿಪ್‌ಗೆ ಒತ್ತುವ ಮುನ್ನವೇ ಈ ಅಳತೆ ತೆಗೆಯಿರಿ.

ಓಡಿಸಿ ನೋಡಿದ್ದು ಕಲಬುರಗಿ, ಕಮಲಾಪುರ, ಹುಮನಾಬಾದ್, ಬೀದರ್, ರಾಷ್ಟ್ರೀಯ ಹೆದ್ದಾರಿ 50ರ ಉದ್ದಕ್ಕೂ. ಹೊಲಕ್ಕಿಳಿಯಲಿಲ್ಲ. ಹುಮನಾಬಾದಿನಲ್ಲಿ ಹೆದ್ದಾರಿ 65 ಕೂಡುವಲ್ಲಿ ತಿರುವಿನ ಸೂಚನೆ ಹೊತ್ತಿಗೆ ಸರಿಯಾಗಿ ಬಂತು.

ಆ್ಯಂಟೆನಾ ಸರಿಯಾದರೂ ಉಳಿಯುವವು

ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಬಾಣ ಗಿರಗಿರ ತಿರುಗುವುದು ದೋಷವಲ್ಲ. ದಿಕ್ಕು ಗೊತ್ತಾಗುವುದು ಗಾಡಿ ಚಲಿಸಿದಾಗ ಮಾತ್ರ. ಮೊಬೈಲ್‌ನಲ್ಲಿ ದಿಕ್ಸೂಚಿ ಇದೆ, ಆದರೆ ಮ್ಯಾಗ್ನೆಟ್ ಹೋಲ್ಡರ್‌ಗೆ ಅಂಟಿಸಿದ ಮೊಬೈಲ್‌ನ ದಿಕ್ಸೂಚಿಯನ್ನು ನಂಬುವುದು ಕಷ್ಟ. ಸರ್ವಿಸ್ ರಸ್ತೆಯನ್ನು ಹೆದ್ದಾರಿ ಎಂದು ತಿಳಿಯುವುದೂ ಹಾಗೆಯೇ. ಬಯಲಿನಲ್ಲೂ 3ರಿಂದ 5 ಮೀಟರ್ ವ್ಯತ್ಯಾಸ ಇದ್ದದ್ದೇ, ಎರಡೂ ರಸ್ತೆಗಳ ನಡುವಿನ ಅಂತರವೇ ಅಷ್ಟು.

ಆಫ್‌ಲೈನ್ ಮ್ಯಾಪ್ ಇಳಿಸುವಾಗ ಕರ್ನಾಟಕ ಮಾತ್ರ ಸಾಲದು. ಬೀದರ್‌ನಿಂದ ಜಹೀರಾಬಾದ್ ಕಡೆ ತೆಲಂಗಾಣ, ಆಳಂದ ದಾಟಿ ಉಮರ್ಗಾ ಕಡೆ ಮಹಾರಾಷ್ಟ್ರ. ಮೂರೂ ಬೇಕು. ಆಫ್‌ಲೈನ್‌ನಲ್ಲಿ ಟ್ರಾಫಿಕ್ ಮಾಹಿತಿ ಬರುವುದಿಲ್ಲ.

ಊರ ಹೆಸರಿನ ತೊಡಕು ಈ ಸೀಮೆಗೆ ವಿಶೇಷ. ಹುಮನಾಬಾದ್ ತಾಲೂಕಿನಲ್ಲಿ ಹಳ್ಳಿಖೇಡ (ಬಿ) ಇದೆ, ಹಳ್ಳಿಖೇಡ (ಕೆ) ಇದೆ. ಬಿ ಅಂದರೆ ಬುಜುರ್ಗ್, ದೊಡ್ಡದು. ಕೆ ಅಂದರೆ ಖುರ್ದ್, ಚಿಕ್ಕದು. ಇಂಥ ಜೋಡಿ ಊರುಗಳು ಇಲ್ಲಿ ಬೇಕಾದಷ್ಟಿವೆ. ಆ ಒಂದಕ್ಷರ ಬಿಟ್ಟು ಹುಡುಕಿದರೆ ಮದುವೆ ಒಂದೂರಲ್ಲಿ, ಗಾಡಿ ಇನ್ನೊಂದೂರಲ್ಲಿ. ಶಹಾಪುರ, ಶಹಾಬಾದ್ ಕೂಡ ಬೇರೆ ಬೇರೆ ಜಿಲ್ಲೆಯವು, ತಾಲೂಕು ನೋಡಿಯೇ ಒತ್ತಿ. ಹಳೆಯ ಮ್ಯಾಪ್ ಇರುವ ಜಿಪಿಎಸ್ ಕೈಸಾಧನಗಳಲ್ಲಿ ಕಲಬುರಗಿ ಹುಡುಕಿದರೆ ಸಿಗುವುದಿಲ್ಲ, ಗುಲ್ಬರ್ಗ ಅಂತ ಹಾಕಬೇಕು. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು.

ಅಂಕಿಯಲ್ಲಿ ಜಾಗ ಹಾಕುವವರು ಒಂದು ತಪ್ಪು ಮಾಡುತ್ತಾರೆ. ಕಲಬುರಗಿ 17.33 ಡಿಗ್ರಿ ಉತ್ತರ. ಇದನ್ನು 17 ಡಿಗ್ರಿ 33 ನಿಮಿಷ ಎಂದು ಹಾಕಿದರೆ 24 ಕಿಲೋಮೀಟರ್ ಉತ್ತರಕ್ಕೆ ಹೋಗಿ ಬೀಳುತ್ತೀರಿ. ಸರಿಯಾದದ್ದು 17 ಡಿಗ್ರಿ 19.8 ನಿಮಿಷ. ದಶಮಾಂಶವನ್ನು 60ರಿಂದ ಗುಣಿಸಿದರೆ ನಿಮಿಷ.

ಡ್ಯಾಶ್ ಮೇಲೆ ಅಂಟಿಸುವ ಹಳೆಯ ಕೈಸಾಧನ ಇಟ್ಟುಕೊಂಡವರಿಗೆ ಬೇರೆಯದೇ ರೋಗ: ತಾರೀಖು ಸುಮಾರು 20 ವರ್ಷ ಹಿಂದೆ. ಜಿಪಿಎಸ್ ವಾರಗಳನ್ನು 10 ಬಿಟ್‌ನಲ್ಲಿ ಎಣಿಸುತ್ತದೆ. 1024 ವಾರಕ್ಕೊಮ್ಮೆ ಎಣಿಕೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಬಂದದ್ದು 2019ರ ಏಪ್ರಿಲ್ 7ರ ನಮ್ಮ ಬೆಳಗಿನ ಐದೂವರೆ ಸುಮಾರಿಗೆ, ಮುಂದಿನದು 2038ರ ನವೆಂಬರ್‌ನಲ್ಲಿ. ಫರ್ಮ್‌ವೇರ್ (ಸಾಧನದೊಳಗಿನ ಮೂಲ ಸಾಫ್ಟ್‌ವೇರ್) ನವೀಕರಿಸದ ಸಾಧನಕ್ಕೆ 2025ರ ಜೂನ್ ಮಧ್ಯ 2005ರ ಅಕ್ಟೋಬರ್ ಕೊನೆಯಾಗಿ ಕಾಣುತ್ತದೆ. ಜಾಗ ಸರಿ ತೋರಿಸಿದರೂ ತಲುಪುವ ಹೊತ್ತು, ಹಗಲು-ರಾತ್ರಿ ಸ್ಕ್ರೀನ್ ಎಲ್ಲ ಎಡವಟ್ಟು. ತಯಾರಕರ ಫರ್ಮ್‌ವೇರ್ ಹಾಕುವುದೊಂದೇ ದಾರಿ. ಆ ಸಾಧನಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, 45 ಡಿಗ್ರಿ ಮೇಲೆ ಚಾರ್ಜ್ ಆಗಬಾರದು. ಗಾಡಿ ನಿಲ್ಲಿಸುವಾಗ ಕಿತ್ತು ಕೈಯಲ್ಲಿ ಒಯ್ಯಿರಿ. ಹಿಂದಿನ ಮುಚ್ಚಳ ಉಬ್ಬಿ ಸಂದು ಬಿಟ್ಟಿದ್ದರೆ ಚಾರ್ಜರ್ ಹಚ್ಚಲೇಬೇಡಿ, ಬ್ಯಾಟರಿ ಬದಲಾಗಬೇಕು.

ಈ ಗಾಡಿಯಲ್ಲಿ ಬಾಕಿ ಉಳಿದದ್ದು ಒಂದು: ಬೀದರ್ ಹಳೆ ಊರಿನ ಇಕ್ಕಟ್ಟು ಓಣಿಗಳಲ್ಲಿ ಬಾಣ ಇನ್ನೂ ಪಕ್ಕದ ಓಣಿಗೆ ಹಾರುತ್ತದೆ. ಎರಡೂ ಬದಿಯ ಕಲ್ಲು ಗೋಡೆಗಳ ನಡುವೆ ಕಾಣುವ ಆಕಾಶವೇ ಒಂದು ಪಟ್ಟಿ. ಅಲ್ಲಿ ಬಳಕೆಯಲ್ಲಿದ್ದದ್ದು 7 ಉಪಗ್ರಹ.